ಎರಡು ಕಾಲಿನ ಕುರಿಗಳ ಹಾಡು

ಹಡಗು ಬಂತು ಅಂದರೆ ನಮ್ಮ ಸ್ಕಾರ್ವಿಕ್‌ನಲ್ಲಿ ಮೊದಲು ನಾಯಿ ಬೊಗಳುತ್ತೆ, ಆಮೇಲೆ ಜನ ಬ್ಯಾ ಅಂತಾರೆ. ತಮಾಷೆ ಮಾಡ್ತಿಲ್ಲ ನಾನು. ಸಮುದ್ರ ದಾಟಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ದೊಡ್ಡ ದೊಡ್ಡ ಮನುಷ್ಯರು ಕಟ್ಟೆಗೆ ಕಾಲಿಟ್ಟು ನನ್ನ ಗಂಡನ ಮುಖ ಕಂಡ ಕೂಡಲೇ ಕುರಿ ಥರ ಬ್ಯಾ ಅಂತಾರೆ. ಆಮೇಲೆ ಫೋಟೋ.

ಅವರ ಕೈಯಲ್ಲಿರೋ ಬಣ್ಣದ ಹಾಳೆಯಲ್ಲಿ ನಮ್ಮದು 'ಕಾಲ ನಿಂತುಹೋದ ದ್ವೀಪ' ಅಂತ ಅಚ್ಚಾಗಿದೆ. ಕಾಲ ನಿಂತಿದ್ದರೆ ನನ್ನ ಮಂಡಿ ಯಾಕೆ ಹೀಗೆ ಕಟಕಟ ಅನ್ನುತ್ತೆ ಹೇಳಿ. ಸಾವಿರ ವರ್ಷದ ಹಿಂದೆ ನಾರ್ವೆಯಿಂದ ತೆರೆದ ದೋಣಿಯಲ್ಲಿ ಬಂದವರ ಮಕ್ಕಳಂತೆ ನಾವು, ಇಂದಿಗೂ ಹುಲ್ಲಿನ ಚಾವಣಿ ಕೆಳಗೆ ಹಾಗೇ ಬದುಕಿದ್ದೇವಂತೆ. ಆ ಹುಲ್ಲಿನ ಚಾವಣಿ ಕೆಳಗೆ ನನ್ನ ಬಟ್ಟೆ ಒಗೆಯೋ ಮಿಷನ್ನೂ ಇದೆ. ಅದರ ಫೋಟೋ ಯಾರೂ ತೆಗೆಯಲ್ಲ.

ನನ್ನ ಹೆಸರು ಎಲ್ಸ್ಪಾ. ಗಂಡ ತುಮ್ಮಸ್, ಕುರಿ ಸಾಕೋನು. ಫಾರೋ ದ್ವೀಪಗಳಲ್ಲೇ ನಮ್ಮದು ಮೂಲೆಯ ಊರು, ಪಾದ್ರಿಗಳು ಬರೋದು ಅಪರೂಪ. ಅವರು ಬಾರದ ಭಾನುವಾರ ಚರ್ಚಿನಲ್ಲಿ ನಿಂತು ಪ್ರವಚನ ಓದೋದು ತುಮ್ಮಸ್‌ನ ಕೆಲಸ. ಅವನಪ್ಪನೂ ಓದುತ್ತಿದ್ದ. ಶನಿವಾರ ಸಂಜೆ ಅಡಿಗೆಮನೆಯಲ್ಲಿ ಕೂತು, ತುಟಿ ಆಡಿಸಿಕೊಂಡು ಓದಿ ರೂಢಿ ಮಾಡಿಕೊಳ್ಳೋನು. ಆಗ ನಾನು ಪಾತ್ರೆ ಕೂಡ ಮುಟ್ಟುತ್ತಿರಲಿಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ, ಅದನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಆ ಓದು ಅವನ ಕೈಬಿಟ್ಟುಹೋಯಿತು. ಒಂದು ಹಾಡು ಅದನ್ನ ಕಿತ್ತುಕೊಂಡಿತು. ಆ ಹಾಡಿನಿಂದ ನನ್ನ ಗಂಡನನ್ನು ಬಿಡಿಸಿ ತರಬೇಕು ಅಂತ ಹೊರಟವಳು ನಾನು.

ಜುಲೈನಲ್ಲಿ ಉಣ್ಣೆ ಕತ್ತರಿಸೋಕೆ ಕುರಿಗಳನ್ನ ಬೆಟ್ಟದಿಂದ ಇಳಿಸ್ತೀವಿ. ಊರಿಗೆ ಊರೇ ಸಾಲುಗಟ್ಟಿ ನಿಂತು, ನಾಯಿ ಬಿಟ್ಟು, ಕಲ್ಲಿನ ದೊಡ್ಡಿಗೆ ಅಟ್ಟೋದು. ಆ ವರ್ಷ ಅರ್ಧ ಇಳಿಸುವಷ್ಟರಲ್ಲಿ ಮಂಜು ಕವಿಯಿತು. ನಮ್ಮ ಮಂಜು ಅಂದರೆ ಚಾಚಿದ ಕೈ ಕಾಣಲ್ಲ. ತುಮ್ಮಸ್ ಸಾಲಿನ ಮೇಲ್ತುದಿಯಲ್ಲಿದ್ದ, ಬಂಡೆಯ ಅಂಚಿನ ಕಡೆ. ನಾವೆಲ್ಲ ಕೆಳಗೆ ದೊಡ್ಡಿ ಹತ್ತಿರ ಕಾಯುತ್ತಿದ್ದೆವು. ಮೊದಲು ಅವನ ನಾಯಿ ಟ್ರಿಗ್ ಬೊಗಳೋದು ಕೇಳಿಸಿತು, ಆಮೇಲೆ ಅವನ ಸಿಳ್ಳೆ, ಆಮೇಲೆ ಮಂಜಿನೊಳಗಿಂದ ಕುರಿಗಳು ಬಂದವು. ಕುರಿಗಳ ಮಧ್ಯೆ ಬಿಳಿ ಮಳೆಯಂಗಿ ತೊಟ್ಟ, ಬೆಟ್ಟ ಸುತ್ತೋಕೆ ಬಂದಿದ್ದ ಎಂಟು ಜನ ಪರದೇಶದವರು. ಒಬ್ಬರಿಗೊಬ್ಬರು ಒತ್ತಿಕೊಂಡು, ನಾಯಿ ಹಿಮ್ಮಡಿಗೆ ಬಂದಾಗಲೆಲ್ಲ ಓಡಿ, ನೆಟ್ಟಗೆ ಬಂದು ದೊಡ್ಡಿಯೊಳಗೇ ನುಗ್ಗಿದರು. ಬಾಗಿಲಲ್ಲಿದ್ದ ಸಾಕರಿಸ್ ರೂಢಿಯಂತೆ ಹಿಂದೆಯೇ ಗೇಟು ಹಾಕಿಬಿಟ್ಟ.

ಅಯ್ಯೋ, ಆ ನಗು! ಗಂಡಸರು ಹುಲ್ಲಿನ ಮೇಲೆ ಬಿದ್ದು ಹೊರಳಾಡಿದರು. ನಾನೂ ಹೊಟ್ಟೆ ಹಿಡಿದುಕೊಂಡೆ. ಸಾಕರಿಸ್ ಅಂದರೆ ತುಮ್ಮಸ್‌ನ ಚಡ್ಡಿ ದೋಸ್ತ್, ನಮ್ಮೂರಿನ ಹಾಡು ಕಟ್ಟೋನು. ಕಣ್ಣೊರೆಸಿಕೊಂಡು ಕೇಳಿದ: "ಲೋ ತುಮ್ಮಸ್, ಇವು ಕುರಿ ಅಲ್ಲ ಅಂತ ನಿನಗೆ ಗೊತ್ತಾಗ್ಲಿಲ್ವೇನೋ?"

ತುಮ್ಮಸ್ ಟೋಪಿ ತೆಗೆದು ನೀರು ಕೊಡವಿದ. "ಉಣ್ಣೆ ಚೆನ್ನಾಗಿತ್ತು ಮಾರಾಯ. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅಷ್ಟೇ ಅಂದಿದ್ದು. ಆ ಮಾತೇ ಅವನನ್ನ ತಿಂದಿತು.

ಮನೆಗೆ ಬಂದು ಕಾಫಿ ಕೊಟ್ಟರೆ ಕಪ್ಪು ಎತ್ತೋಕಾಗಲಿಲ್ಲ ಅವನಿಗೆ. "ಏನಾಯ್ತೋ?" ಅಂದೆ.

"ಮಂಜು ಒಂದು ಗಳಿಗೆ ಹರೀತು, ನೋಡಿದ್ರೆ ಅಂಚಿನ ಮೇಲೆ ನಡೀತಾ ಇದ್ರು ಎಲ್ಸ್ಪಾ. ಮುಂದಿನವಳ ಕಾಲ ಕೆಳಗಿಂದ ಕಲ್ಲು ಉರುಳ್ತು, ಅದು ನೀರಿಗೆ ಬಿದ್ದ ಸದ್ದೂ ಬರ್ಲಿಲ್ಲ. ಕೂಗಿದೆ. ಗಂಟಲು ಹರ್ಕೊಂಡೆ. ಅದು ಅಂಚು ಅಂತಾನೇ ಅವರಿಗೆ ಗೊತ್ತಾಗ್ಲಿಲ್ಲ, ಒಬ್ಬ ನಕ್ಕು ನನಗೆ ಕೈ ಬೀಸಿದ. ನಮ್ಮ ಮಾತು ಅವರಿಗೆಲ್ಲಿ ಗೊತ್ತು? ನಾನು ಹತ್ರ ಹೋದ್ರೆ ಹಿಂದೆ ಸರೀತಾರೆ, ಹಿಂದೆ ಅಂದ್ರೆ ಕಡಲು. ಅದಕ್ಕೇ ಟ್ರಿಗ್‌ನ ಕಡಲಿನ ಕಡೆಯಿಂದ ಸುತ್ತಿ ಬಿಟ್ಟೆ. ನಾಯಿಗೆ ಹೆದರಿ ಈ ಕಡೆ ಓಡಿದ್ರು. ಆಮೇಲೆ ಕುರಿ ಥರಾನೇ ಹೊಡ್ಕೊಂಡು ಬಂದೆ. ಇನ್ನೇನು ಮಾಡ್ಲಿ?"

"ಇದನ್ನ ಅಲ್ಲೇ ಹೇಳೋಕೇನಾಗಿತ್ತು ನಿನಗೆ ದೊಡ್ಡ ರೋಗ?"

"ಏನಂತ ಹೇಳ್ಲಿ? ನಾನು ಎಂಟು ಜನರ ಜೀವ ಉಳಿಸಿದೆ ಅಂತಾನಾ? ಥೂ! ನೀನೂ ಹೇಳ್ಬೇಡ, ಯಾರ ಹತ್ರಾನೂ."

ನಮ್ಮ ಕಡೆ ಅದು ಹಾಗೇ. ಮುಳುಗುವವನ ಜುಟ್ಟು ಹಿಡಿದು ದೋಣಿಗೆ ಎಳೆದವನನ್ನ ಕೇಳಿ ನೋಡಿ, 'ಅವನೇ ಹತ್ತಿಕೊಂಡ, ನಾನು ಪಕ್ಕದಲ್ಲಿದ್ದೆ ಅಷ್ಟೇ' ಅಂತಾನೆ. ತನ್ನ ಬಗ್ಗೆ ತಾನೇ ಒಳ್ಳೇದು ಆಡಿಕೊಂಡವನ ಪಕ್ಕ ಆಮೇಲೆ ಯಾರೂ ಕೂರಲ್ಲ. ಕದ್ದವನನ್ನಾದರೂ ಮರೆತಾರು, ಕೊಚ್ಚಿಕೊಂಡವನನ್ನ ಮರೆಯಲ್ಲ. ಹೊರಗಿನವರಿಗೆ ಇದು ಅರ್ಥ ಆಗಲ್ಲ. ನನಗೂ ಈಗೀಗ ಅರ್ಥ ಆಗ್ತಿಲ್ಲ.

ಚಳಿಗಾಲದಲ್ಲಿ ಹಾಡು ಬಂತು. ಕ್ರಿಸ್ಮಸ್ ಕಳೆದ ಮೇಲೆ ನಾವೆಲ್ಲ ಕೈಗೆ ಕೈ ಹೆಣೆದು ಸುತ್ತು ಕಟ್ಟಿ ಕುಣೀತೀವಿ. ವಾದ್ಯ ಇಲ್ಲ, ನೋಡೋರೂ ಇಲ್ಲ. ಬಂದವರೆಲ್ಲ ಸುತ್ತಿನೊಳಗೆ. ಒಬ್ಬರು ನುಡಿ ಹಾಡಬೇಕು, ಪಲ್ಲವಿ ಎಲ್ಲರದು. ಆ ವರ್ಷ ಯಾರು ಪೆದ್ದುತನ ಮಾಡಿದಾರೋ ಅವರ ಮೇಲೆ ಅಣಕದ ಹಾಡು ಕಟ್ಟಿರ್ತಾರೆ, ತಾಟ್ಟುರ್ ಅಂತೀವಿ. ಹಾಡು ಶುರುವಾದ ಕೂಡಲೇ ಇಬ್ಬರು ಗಟ್ಟಿ ಗಂಡಸರು ಎರಡೂ ಕಡೆ ಆ ಮನುಷ್ಯನ ತೋಳು ಹಿಡೀತಾರೆ. ಕೊನೇ ನುಡಿವರೆಗೂ ಓಡಿಹೋಗೋ ಹಾಗಿಲ್ಲ. ಮುಗಿದ ಮೇಲೆ ಅವನ ಬೆನ್ನು ತಟ್ಟಿ ಒಂದು ಗುಟುಕು ಕುಡಿಸ್ತಾರೆ. ಮುಂದಿನ ವರ್ಷ ಇನ್ನೊಬ್ಬರ ಸರದಿ.

ತುಮ್ಮಸ್‌ನ ಬಲತೋಳು ಹಿಡಿದವನು ನನ್ನ ತಮ್ಮ ಹೈನಿ. ಎಡಗಡೆಗೆ ಸಾಕರಿಸ್, ಹಾಡೋನೂ ಅವನೇ.

ಮಂಜಿನೊಳಗೆ ಮಂದೆ ಬಂತು, ಮೈ ತುಂಬ ಬಿಳಿ ಉಣ್ಣೆ,
ತುಮ್ಮಸ್ ಕಂಡ ಕುರಿಗಳಿಗೆಲ್ಲ ಎರಡೇ ಎರಡು ಕಾಲು.
ಹೊಡ್ಕೊಂಡ್ ಬಾರೋ, ಹೊಡ್ಕೊಂಡ್ ಬಾ, ದೊಡ್ಡಿ ಬಾಗ್ಲು ತೆರ್ದದೆ!

ಹಲಗೆ ನೆಲ ಧಡಧಡ ಅಂತಿತ್ತು. ಒಳ್ಳೇ ಹಾಡು ರೀ, ಸುಳ್ಳು ಯಾಕೆ ಹೇಳಲಿ. ತುಮ್ಮಸ್ ಕಿವಿವರೆಗೂ ಕೆಂಪಾಗಿ ನಕ್ಕ, ನಾನೂ ಪಲ್ಲವಿ ಹಾಡಿದೆ. ಅಲ್ಲಿಗೆ ಮುಗಿದಿದ್ದರೆ ಇಷ್ಟು ಹೊತ್ತು ನಿಮ್ಮ ತಲೆ ತಿನ್ನುತ್ತಿರಲಿಲ್ಲ ನಾನು.

ಮುಂದಿನ ವಸಂತಕ್ಕೆ ಸಾಕರಿಸ್‌ನ ಮಗಳು ರನ್ವಾ ಡೆನ್ಮಾರ್ಕ್‌ನಲ್ಲಿ ಓದು ಮುಗಿಸಿ ವಾಪಸ್ ಬಂದಳು. ಕೆಟ್ಟವಳಲ್ಲ. ಜ್ಞಾನಸ್ನಾನದ ದಿನ ಅವಳನ್ನ ಎತ್ತಿಕೊಂಡಿದ್ದವನು ತುಮ್ಮಸ್ಸೇ. ಹಳೇ ಮೀನಿನ ಗೋದಾಮನ್ನ ಸಂಸ್ಕೃತಿ ಭವನ ಮಾಡಿದಳು. ಪ್ರವಾಸಿ ಹಡಗಿನವರನ್ನ ಮಾತಾಡಿಸಿ ಊರಿಗೆ ಕರೆತಂದಳು. ಬಂದವರಿಗೆ ಏನು ತೋರಿಸೋದು? ಕುಣಿತ ತೋರಿಸೋಣ ಅಂದಳು. ಯಾವ ಹಾಡು? ಎಲ್ಲರಿಗೂ ಬಾಯಿಗೆ ಬರೋದು ಅದೇ.

"ತುಮ್ಮಸ್ ಮಾವ, ಒಂದೇ ಒಂದ್ಸಲ ನಿಲ್ಲಿ" ಅಂದಳು. ನಿಂತ.

ಒಂದು ಸಲ ಎರಡಾಯಿತು, ಬೇಸಿಗೆಯುದ್ದಕ್ಕೂ ಆಯಿತು. ಸುತ್ತಲೂ ಬೆಂಚು ಹಾಕಿ ಜನ ಕೂತರು. ಕೂತು ನೋಡೋ ಕುಣಿತ ನಮ್ಮೂರಲ್ಲಿ ಅದೇ ಮೊದಲು. ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಹಂಚಿದರು. ಎರಡನೇ ವರ್ಷ ಬಿಳಿ ಮಳೆಯಂಗಿ ಬಂತು. ಬೇಕಾದವರು ಅದನ್ನ ತೊಟ್ಟು ದೊಡ್ಡಿವರೆಗೂ ಓಡಬಹುದು, ಹಿಂದೆ ನಾಯಿ. ಗೈಡು ಹೇಳುತ್ತಿದ್ದ: ಈ ದ್ವೀಪದವರು ಎಷ್ಟು ಮುಗ್ಧರು ಅಂದರೆ ಹೊರಗಿನ ಮನುಷ್ಯರನ್ನ ನೋಡಿಯೇ ಗೊತ್ತಿರಲಿಲ್ಲ. ತುಮ್ಮಸ್ ಹರೆಯದಲ್ಲಿ ಗ್ರೀನ್‌ಲ್ಯಾಂಡ್‌ವರೆಗೂ ಮೀನಿಗೆ ಹೋಗಿ ಬಂದವನು. ಆ ಗೈಡಿನ ಕೆನ್ನೆಗೆ ಬಾರಿಸೋಕೆ ನನ್ನ ಕೈ ತುರಿಸುತ್ತಿತ್ತು.

ತುಮ್ಮಸ್ ದೋಣಿಮನೆಗೆ ಹೋಗೋದು ಬಿಟ್ಟ, ಅಲ್ಲಿ ಹಡಗಿನವರು ಇಣುಕಿ ಬ್ಯಾ ಅಂತಾರೆ ಅಂತ. ಅಂಗಡಿಗೆ ನನ್ನನ್ನೇ ಕಳಿಸಿದ. ಆದರೂ 'ಮಕ್ಕಳಾಟ ಬಿಡೇ' ಅಂತಿದ್ದ. ಒಂದು ಭಾನುವಾರ ಚರ್ಚಿನ ಹಿಂದಿನ ಬೆಂಚಲ್ಲಿ ಹಡಗಿನವರು ಕೂತಿದ್ದರು. ತುಮ್ಮಸ್ ಎದ್ದು ಹೋಗಿ ಮೇಜಿನ ಹಿಂದೆ ನಿಂತ, ಕನ್ನಡಕ ಹಾಕಿಕೊಂಡ, ಮೊದಲ ಸಾಲು ಓದಿದ. ಹಿಂದಿನಿಂದ ಯಾರೋ ಮೆಲ್ಲಗೆ, ಪ್ರೀತಿಯಿಂದ ಅಂತಲೇ ಇಟ್ಟುಕೊಳ್ಳಿ, ಬ್ಯಾ ಅಂದರು. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ನಮ್ಮವರೇ ಕೆಲವರ ಭುಜ ಕುಲುಕಿತು. ತುಮ್ಮಸ್ ಸಾಲು ಹುಡುಕಿದ. ಬೆರಳಿಟ್ಟು ಹುಡುಕಿದ. ಸಿಗಲಿಲ್ಲ. ಪುಸ್ತಕ ಮುಚ್ಚಿ, ಕರ್ತನ ಪ್ರಾರ್ಥನೆ ಹೇಳಿ ಇಳಿದು ಬಂದುಬಿಟ್ಟ. ಮುಂದಿನ ಶನಿವಾರ ಅಡಿಗೆಮನೆಯಲ್ಲಿ ಅವನು ಕೂರಲಿಲ್ಲ. ನಾನು ಪಾತ್ರೆಗಳನ್ನ ಬೇಕಂತಲೇ ಎತ್ತಿ ಕುಕ್ಕಿದೆ.

ರನ್ವಾ ಹತ್ತಿರ ಹೋದೆ. "ನಿಲ್ಸೇ ಆ ಹಾಡನ್ನ. ಸಾಕು."

"ಅತ್ತೆ, ಜನ ಬರೋದೇ ಅದಕ್ಕೆ. ಬೇರೆ ಊರಲ್ಲಿ ಜಲಪಾತ ಇದೆ, ಪಫಿನ್ ಹಕ್ಕಿ ಇದೆ. ನಮ್ಮಲ್ಲೇನಿದೆ? ಮಂಜು, ತುಮ್ಮಸ್ ಮಾವ."

"ಹಾಗಾದ್ರೆ ಮಂಜನ್ನೇ ತೋರ್ಸು."

"ಸಿಟ್ಟಾಗ್ಬೇಡಿ ಅತ್ತೆ. ಮುಚ್ಚಿದ್ದ ಅಂಗಡಿ ತೆರೀತು. ದೋಣಿ ದಿನಾ ಬರ್ತಿದೆ. ಮುಂಚೆ ನಿಮ್ಮ ಮಂಡಿ ಡಾಕ್ಟರಿಗೆ ತೋರ್ಸೋಕೆ ವಾರಗಟ್ಲೆ ಕಾಯ್ತಿದ್ರಿ, ಮರೆತ್ರಾ?"

ಮರೆತಿರಲಿಲ್ಲ.

ಅಲ್ಲಿಂದ ಸೀದಾ ಸಾಕರಿಸ್ ಮನೆಗೆ ನುಗ್ಗಿದೆ. ಅವನು ಬಲೆ ಹೊಲೀತಾ ಕೂತಿದ್ದ. "ನೀನು ಕಟ್ಟಿದ್ದು, ನೀನೇ ವಾಪಸ್ ತಗೋ" ಅಂದೆ.

"ವಾಪಸ್ ತಗೊಳ್ಳೋಕೆ ಅದೇನು ಕೊಟ್ಟ ಸುತ್ತಿಗೆಯೇನೇ? ಸುತ್ತಿನಲ್ಲಿ ಒಂದ್ಸಲ ಹಾಡಿದ್ಮೇಲೆ ಅದು ಊರಿನ ಹಾಡು. ಇದಕ್ಕಿಂತ ಒಳ್ಳೇದು ಇನ್ನೊಂದು ಬಂದ್ರೆ ಇದು ತಾನಾಗೇ ಮಲಗತ್ತೆ."

"ಕಟ್ಟು ಮತ್ತೆ. ಯಾರು ಬೇಡ ಅಂದ್ರು?"

ಸಾಕರಿಸ್ ತಲೆ ತಗ್ಗಿಸಿದ. "ಯಾರ ಮೇಲೆ ಕಟ್ಲಿ? ಒಬ್ರೂ ಒಪ್ಪಲ್ಲ. ನನ್ನ ಮೇಲೆ ಕಟ್ಟಿದ್ರೆ ಬೇಸಿಗೆಗೆ ನನ್ನನ್ನೂ ಹಡಗಿನ ಮುಂದೆ ನಿಲ್ಲಿಸ್ತೀರಿ ಅಂತಾರೆ."

ಕೇಳಿದಿರಾ? ಎಲ್ಲರ ಸರದಿಯನ್ನೂ ನನ್ನ ಗಂಡನೊಬ್ಬನೇ ಹೊರಬೇಕು. ಮೈಯೆಲ್ಲ ಉರಿದುಹೋಯಿತು ನನಗೆ. ಸರಿ, ನಾನೇ ಕಟ್ತೀನಿ ಅಂದುಕೊಂಡೆ. ಇಡೀ ಊರಿನ ಮೇಲೇ ಕಟ್ತೀನಿ, ಆಗ ಯಾರು ಒಪ್ಪಲ್ಲ ಅಂತಾರೋ ನೋಡೋಣ. ಶರತ್ಕಾಲವೆಲ್ಲ ಕುರಿಮಾಂಸ ಒಣಗೋಕೆ ಕಟ್ಟುವಾಗ, ಆಲೂಗಡ್ಡೆ ಅಗೆಯುವಾಗ ಬಾಯಲ್ಲೇ ಕಟ್ಟಿದೆ. ತುಮ್ಮಸ್‌ಗೆ ಒಂದು ಸೊಲ್ಲೂ ಬಿಟ್ಟುಕೊಡಲಿಲ್ಲ.

ಚಳಿಗಾಲದ ಕುಣಿತ ಬಂತು. ಹೊರಗಿನವರು ಒಬ್ಬರೂ ಇಲ್ಲ, ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿದ್ದರು. ಹಳೇ ಹಾಡು ಒಂದೆರಡಾದ ಮೇಲೆ ನಾನು ದನಿ ಎತ್ತಿದೆ. ಸುತ್ತಿನಲ್ಲಿ ನನ್ನ ಬಲಕ್ಕೆ ತುಮ್ಮಸ್, ಎಡಕ್ಕೆ ಹೈನಿ.

ಹುಲ್ಲಿನ ಚಾವಣಿ ಕೆಳಗೆ ನಾವು ಮಿಷನ್ ಬಚ್ಚಿಟ್ಕೊಂಡ್ವಿ,
ಹಡಗು ಹೋಗೋ ತನಕ ಎಲ್ರೂ ಮುತ್ತಾತ ಆಗ್ಬಿಟ್ವಿ.
ಬನ್ನಿರಯ್ಯ, ಬನ್ನಿರಮ್ಮ, ಕಾಲ ನಿಂತ ಊರಿಗೆ!

ಗೊಳ್ಳೆಂದು ನಕ್ಕರು. ಪಲ್ಲವಿ ಹಿಡಿದುಕೊಂಡರು! ಮುಂದಿನ ನುಡಿ ರನ್ವಾ ಮೇಲೆ. ಇಬ್ಬರು ಹುಡುಗರು ಓಡಿ ಹೋಗಿ ಅವಳ ತೋಳು ಹಿಡಿದರು, ಅವಳು ನಕ್ಕು ನಕ್ಕು ಕಣ್ಣೀರು ಹಾಕಿದಳು. ಗೈಡಿನ ಮೇಲೊಂದು, ಅಂಗಡಿಯವನ ಮೇಲೊಂದು, ನನ್ನ ಮಂಡಿಯ ಮೇಲೂ ಒಂದು. ನೆಲ ಅದುರುತ್ತಿತ್ತು. ಸಾಕರಿಸ್ ಆ ಕಡೆಯಿಂದ ನನಗೆ ತಲೆಯಾಡಿಸಿದ, ಅಂದರೆ ಹಾಡು ಗೆದ್ದಿತು ಅಂತ. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಗಂಡ ಆವತ್ತೇ ಬಿಡುಗಡೆಯಾಗುತ್ತಿದ್ದ ಅಂತ ಆಮೇಲೆ ಹೈನಿ ನನಗೆ ಬೈದ. ಆದರೆ ನಾನು ಕಟ್ಟಿದ್ದೇ ಮುಂದಿನ ನುಡಿಗೋಸ್ಕರ.

ಮಂಜಿನಲ್ಲಿ ಅಂಚಿನ ಮೇಲೆ ಎಂಟು ಮಂದಿ ನಡೀತಿದ್ರು,
ತುಮ್ಮಸ್ ಅಂದು ತಡೀದೇ ಇದ್ರೆ ಕಡಲ ಪಾಲಾಗ್ತಿದ್ರು.

ಪಲ್ಲವಿ ಬರಲಿಲ್ಲ.

ಕಾಲುಗಳು ಮಾತ್ರ ನಡೆಯುತ್ತಿದ್ದವು, ಎಡಕ್ಕೆ ಎರಡು, ಬಲಕ್ಕೆ ಒಂದು. ಬಾಯಿ ಯಾರದೂ ತೆರೆಯಲಿಲ್ಲ. ನಾನೊಬ್ಬಳೇ ಪಲ್ಲವಿ ಹಾಡಿದೆ, ಇನ್ನೊಂದು ನುಡಿ ಎತ್ತಿದೆ, ನಾಯಿಯನ್ನ ಕಡಲಿನ ಕಡೆಯಿಂದ ಬಿಟ್ಟಿದ್ದನ್ನ ಹಾಡಿದೆ. ನನ್ನ ದನಿ ನನಗೇ ಪರಕೀಯ ಅನ್ನಿಸಿತು. ಹೈನಿ ನನ್ನ ಕೈ ಹಿಂಡಿದ: "ಅಕ್ಕಾ, ಸಾಕು ಬಿಡೇ." ಎದುರಿದ್ದ ಹೆಂಗಸರು ನೆಲ ನೋಡುತ್ತಿದ್ದರು. ನಾನು ಸುಳ್ಳಾಡಿದ್ದರೆ ಕ್ಷಮಿಸುತ್ತಿದ್ದರೋ ಏನೋ. ನಾನು ನನ್ನ ಗಂಡನನ್ನ ಊರ ಮುಂದೆ ಹೊಗಳಿದ್ದೆ. ಅಣಕಿಸೋ ಸುತ್ತಿನಲ್ಲಿ ನಿಂತು, ನನ್ನ ಮನೆಯವನು ದೊಡ್ಡ ಮನುಷ್ಯ ಅಂತ ಹಾಡಿದ್ದೆ.

ಆಗ ನನ್ನ ಬಲಗಡೆಯಿಂದ ದನಿ ಎದ್ದಿತು. ದಪ್ಪ ದನಿ, ಪ್ರವಚನ ಓದುತ್ತಿದ್ದ ದನಿ. ತುಮ್ಮಸ್ ತಾನೇ ಹಾಡುತ್ತಿದ್ದ. ಮಂಜಿನೊಳಗೆ ಮಂದೆ ಬಂತು, ಮೈ ತುಂಬ ಬಿಳಿ ಉಣ್ಣೆ.

ಊರು ಹೇಗೆ ಬಾಯಿ ತೆರೆಯಿತು ಅಂತೀರಿ! ಉಸಿರು ಕಟ್ಟಿದವರಿಗೆ ಕಿಟಕಿ ತೆಗೆದ ಹಾಗಾಯಿತು. ಹೊಡ್ಕೊಂಡ್ ಬಾರೋ ಅಂತ ಕಿರುಚಿ ಕುಣಿದರು. ತೋಳು ಹಿಡಿಯೋಕೆ ಯಾರೂ ಬರಲಿಲ್ಲ, ಬೇಕಾಗಿರಲೂ ಇಲ್ಲ. ನಾನು ಕೈ ಬಿಡಿಸಿಕೊಳ್ಳೋಕೆ ನೋಡಿದೆ. ಅವನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಮುಂದೆ ಇಟ್ಟು ಕೇಳಿದೆ: "ಯಾಕೆ ಹಾಗೆ ಮಾಡ್ದೆ?"

"ನಿನ್ನೊಬ್ಬಳನ್ನೇ ಬಿಟ್ಟುಬಿಟ್ಟಿದ್ರು ಎಲ್ಸ್ಪಾ. ನೋಡೋಕಾಗ್ಲಿಲ್ಲ ನನ್ನ ಕೈಲಿ."

"ನಾನು ಹಾಡಿದ್ದು ನಿಜ ತಾನೇ?"

"ನಿಜ ಆದ್ರೆ ಇನ್ನೂ ನಾಚಿಕೆ."

ನಾನು ಒಲೆ ಕಡೆ ತಿರುಗಿದೆ. ಅಷ್ಟರಲ್ಲಿ ಸಾಕರಿಸ್ ಬಾಗಿಲು ತಳ್ಳಿಕೊಂಡು ಬಂದ. ಮುಖ ಬಿಳಿಚಿಕೊಂಡಿತ್ತು, ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ. ಟೋಪಿ ಕೈಯಲ್ಲಿ ತಿರುಗಿಸುತ್ತಾ ನಿಂತೇ ಇದ್ದ.

"ತುಮ್ಮಸ್, ಎಲ್ಸ್ಪಾ ಹಾಡಿದ್ದು ನಿಜವೇನೋ? ನಿಜ ಅಂದ್ರೆ ಹೇಳಿಬಿಡು. ಇವತ್ತೇ ರನ್ವಾಗೆ ಹೇಳಿ ನಿಲ್ಲಿಸ್ತೀನಿ. ನನ್ನಾಣೆ."

ಹೇಳೋ, ಒಂದು ಸಲ ತಲೆ ಆಡಿಸೋ ಸಾಕು ಅಂತ ಒಳಗೇ ಕೂಗಿದೆ. ತುಮ್ಮಸ್ ಬಾಲ್ಯದ ಗೆಳೆಯನ ಮುಖ ನೋಡಿದ. ನನಗೆ ಗೊತ್ತು ಏನು ಯೋಚಿಸಿದ ಅಂತ. ಹೌದು ಅಂದರೆ ಇಷ್ಟು ವರ್ಷ ಹಾಡಿದವನು ಪಾಪಿಯಾಗುತ್ತಾನೆ, ಇವನು ಕೊಚ್ಚಿಕೊಂಡವನಾಗುತ್ತಾನೆ, ಅಂಗಡಿ ಮತ್ತೆ ಮುಚ್ಚುತ್ತೆ.

"ಹೆಂಗಸು, ಗಂಡನ ಮೇಲಿನ ಮಮತೆಗೆ ಏನೋ ಕಟ್ಟಿದಾಳೆ. ಬಿಡೋ" ಅಂದ. "ಕೂತ್ಕೋ, ಕಾಫಿ ಕುಡಿ."

ನನ್ನ ಅಡಿಗೆಮನೆಯಲ್ಲಿ, ನಾನು ಅಲ್ಲೇ ನಿಂತಿರುವಾಗ. ಸಾಕರಿಸ್ ಉಸಿರು ಬಿಟ್ಟು ಕುರ್ಚಿ ಎಳೆದುಕೊಂಡ. ನಾನು ಅವನಿಗೂ ಕಾಫಿ ಬಗ್ಗಿಸಿದೆ. ಬಗ್ಗಿಸದೆ ಏನು ಮಾಡಲಿ, ಮನೆಗೆ ಬಂದವನು.

ಈಗ ಊರಲ್ಲಿ ಎಲ್ಸ್ಪಾ ಗಂಡನನ್ನ ವೀರ ಮಾಡೋಕೆ ಹೊರಟಿದ್ದಳು ಅಂತ ಮಾತು. ಮುಖದ ಮೇಲೆ ಯಾರೂ ಆಡಲ್ಲ. ಪೇಟೆಗೆ ಹೋಗೋ ದೋಣಿಯಲ್ಲಿ ನನ್ನ ಪಕ್ಕದ ಜಾಗ ಮಾತ್ರ ಕೊನೆಗೆ ತುಂಬುತ್ತೆ. ಚರ್ಚಿನಲ್ಲಿ ಬೇರೆ ಯಾರೋ ಓದ್ತಾರೆ, ತೊದಲಿಕೊಂಡು. ತುಮ್ಮಸ್ ತಲೆ ಬಗ್ಗಿಸಿ ಕೇಳ್ತಾನೆ.

ಈ ಬೇಸಿಗೆ ಹೈನಿಗೆ ಭುಜದ ನೋವು. ಎತ್ತಿದ ಕೈ ಇಳಿಸೋಕಾಗಲ್ಲ. ಬಲತೋಳು ಹಿಡಿಯೋಕೆ ಹಡಗಿನ ಕಂಪನಿಯ ಹುಡುಗನೊಬ್ಬನನ್ನ ನಿಲ್ಲಿಸ್ತೀನಿ ಅಂದಳು ರನ್ವಾ. ಗಟ್ಟಿಮುಟ್ಟಾದ ಹುಡುಗ, ಹಲ್ಲು ಕಿಸಿಯೋನು. ಅವನು ತುಮ್ಮಸ್‌ನ ಮುದಿ ತೋಳಿಗೆ ಕೈ ಹಾಕಿ ಎಳೆದಿದ್ದನ್ನ ಕಂಡೆ.

"ಸರಿಯೋ ಆ ಕಡೆ" ಅಂದೆ. ಅವನಿಗೆ ನಮ್ಮ ಮಾತು ಬರಲ್ಲ, ಆದರೂ ಸರಿದ.

ಈಗ ಹಡಗು ಬಂದಾಗಲೆಲ್ಲ ಆ ತೋಳು ಹಿಡಿಯೋದು ನಾನು. ಬೆಂಚಿನವರು ಚಪ್ಪಾಳೆ ತಟ್ಟುತ್ತಾರೆ, ಮುದುಕಿಯನ್ನೂ ಸೇರಿಸಿದ್ದು ಚೆನ್ನಾಗಿದೆ ಅಂತ. ತುಮ್ಮಸ್ ನಗುತ್ತಾ ನುಡಿ ಎತ್ತುತ್ತಾನೆ. ಆ ತೋಳು ನಡುಗೋದು ಹಿಡಿದವರಿಗೆ ಮಾತ್ರ ಗೊತ್ತಾಗುತ್ತೆ. ನಾನು ಗಟ್ಟಿಯಾಗಿ ಹಿಡಿದು, ಎಲ್ಲರಿಗಿಂತ ಜೋರಾಗಿ ಪಲ್ಲವಿ ಹಾಡ್ತೀನಿ.